ಬಿ ಹದಿನೇಳನೇ ಮನೆ

ಎಕ್ಸೆಲ್ ಹಾಳೆಯ ಚೌಕಕ್ಕೆ ಹಾಲವ್ವ 'ಮನೆ' ಅಂತಾಳೆ,
ಚೌಕಾಬಾರದ ಲೆಕ್ಕದಲ್ಲಿ.
ಬಿ ಹದಿನೇಳನೇ ಮನೆಯಲ್ಲಿ ಆರು ಕೂತಿದೆ:
ಒಬ್ಬಾಕೆಗೆ ವಾರಕ್ಕೆ ಸರಾಸರಿ ಗಿರಾಕಿ.
ಆ ಆರರ ಹೆಗಲೇರಿ ನಿಂತಿದೆ
ದಾವಣಗೆರೆಯ ಮುಂದಿನ ಐದು ವರ್ಷ.

ಪಿ.ಬಿ. ರಸ್ತೆಯಲ್ಲಿ ಆಫೀಸು, ಕೆಳಗೆ ಪಂಚರಿನ ಅಂಗಡಿ.
ಮೇಲಿನವರಿಂದ ಮೂರು ಸಾಲಿನ ಮೇಲ್:
ಅನುದಾನ ಶೇಕಡಾ ಹದಿನೆಂಟು ಕಡಿತ.
ಮಾದರಿ ಓಡಿಸಿ.
ಎಲ್ಲಿ ಕೊಯ್ದರೆ ರಕ್ತ ಕಡಿಮೆ, ತಿಳಿಸಿ.
(ರಕ್ತ ಅಂದದ್ದು ನಾನು. ಅವರು 'ಪರಿಣಾಮ' ಅಂದಿದ್ದರು.)

ಓಡಿಸಿದೆ.
ಸೋಂಕಿಲ್ಲದವರ ಡಬ್ಬಿ, ಇರುವವರ ಡಬ್ಬಿ,
ಗುಳಿಗೆ ನುಂಗುತ್ತಿರುವವರ ಡಬ್ಬಿ,
ಡಬ್ಬಿಯಿಂದ ಡಬ್ಬಿಗೆ ಬಾಣ, ಬಾಣಕ್ಕೊಂದು ದರ.
ಲ್ಯಾಪ್‌ಟಾಪು ಮಂಡಕ್ಕಿ ಭಟ್ಟಿಯ ಹಾಗೆ ಕಾದು
ಉಗುಳಿತು:
ಲಾರಿ ನಿಲ್ದಾಣದ ರಕ್ತಪರೀಕ್ಷೆ ಇರಲಿ.
ರೈಲ್ವೆ ಗೇಟಿನಾಚೆಯ ಐವರು ಕಾರ್ಯಕರ್ತೆಯರ
ಗೌರವಧನ ನಿಲ್ಲಲಿ.
ಅದರಿಂದ ಹೆಚ್ಚುವ ಸೋಂಕು
ನಾಲ್ಕು ಪಾಯಿಂಟ್ ಒಂದು.

ಐವರಲ್ಲಿ ಮೊದಲ ಹೆಸರು ಹಾಲವ್ವ.

ಹೇಳಬೇಕಾದವನು ನಾನೇ.
ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದೆ,
ಲಂಚದ ಹಾಗೆ.
ಆಕೆ ನನ್ನ ಪ್ರಿಂಟೌಟನ್ನೇ ಹಾಸಿ ಸುರಿದಳು.
ಬೆರಳಲ್ಲಿ ಮಂಡಕ್ಕಿ ಸರಿಸುತ್ತಾ:
"ಇದು ಗೇಟು. ಇವು ನಮ್ಮ ಹುಡುಗೀರು.
ಶನಿವಾರ ಭಟ್ಟಿ ಬಟವಾಡೆ, ಅವತ್ತು ಮಂದಿ ಹಿಂಗ.
ಮಂಗಳವಾರ ನೋಣ.
ಈ ಮೆಣಸಿನಕಾಯಿ ಪೊಲೀಸಪ್ಪ.
ಇವನ ಮನಿ ಎಲ್ಲೈತಿ ನಿನ್ನ ಹಾಳ್ಯಾಗ?"

ಇಲ್ಲ. ಲಾಠಿಗೆ ದರ ಕಟ್ಟುವುದು
ನಾನು ಕಲಿತ ಗಣಿತದಲ್ಲಿ ಬಂದಿರಲಿಲ್ಲ.

"ಆರು ಅಂತ ಹೇಳಿದ್ದು ಯಾರು?"
ನೀನೇ, ಎರಡು ವರ್ಷದ ಕೆಳಗೆ.
"ಹ್ಞೂಂ. ಹೊಸ ಎಸ್ಸೈ ಬಂದಿದ್ದ.
ಪಟ್ಟಿ ಠಾಣೆಗೆ ಹೋಗತೈತಿ ಅಂತ ಸುದ್ದಿ.
ಹತ್ತು ಅನ್ನೋದು ಬಾಯಿಗೆ ಬಂದಿತ್ತು.
ಐದೂ ಮಂದಿ ಒಂದೇ ಮಾತಾಡ್ಕೊಂಡು
ಆರು ಬರೆಸಿದ್ವಿ.
ಸುಳ್ಳಾದ್ರೂ ಮರ್ಯಾದಿ ಇರೋ ಅಂಕಿ ನೋಡು, ಆರು."

ಆರು ಅಳಿಸಿ ಹತ್ತು ಒತ್ತಿದೆ.
ಮಲಗಿದ್ದ ಗೆರೆ ತಟ್ಟನೆ ಎದ್ದು ಕೂತಿತು.
ಲಾರಿ ನಿಲ್ದಾಣದ ದುಡ್ಡು ಹಳಿ ದಾಟಿ
ಗೇಟಿನಾಚೆಗೆ ಹರಿಯಿತು.
ನಾಲ್ಕು ಪಾಯಿಂಟ್ ಒಂದು ಹೋಗಿ
ಮೂವತ್ತೇಳು ಆಯಿತು.

ಮೂವತ್ತೇಳು ಮಂದಿ, ಈಗಲೇ ಊರಲ್ಲಿದ್ದಾರೆ.
ಯಾವನೋ ಬೆಣ್ಣೆದೋಸೆಗೆ ಕಾಯುತ್ತಿದ್ದಾನೆ,
ಯಾವಳೋ ಮಗುವಿನ ಮೂಗು ಒರೆಸುತ್ತಿದ್ದಾಳೆ.
ನಾವು ಗೆದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ.
ಬಾರದ ರೋಗಕ್ಕೆ
ಯಾರೂ ಹರಕೆ ತೀರಿಸುವುದಿಲ್ಲ.

ಆದರೆ
ಅವತ್ತಿನ ಆರು ಹೆದರಿಕೆಯದಾದರೆ
ಇವತ್ತಿನ ಹತ್ತು?
ಹೊಲಿಗೆ ಮಿಷನ್ನಿನ ಕಂತು ಇನ್ನೂ ಏಳು ಬಾಕಿ,
ಆಕೆಯೇ ಹೇಳಿದ್ದಳು, ಯುಗಾದಿಯ ಹೊತ್ತಿಗೆ.
ನನ್ನ ಮುಖ ನೋಡಿ
"ಕೇಳು ಸಾರ್, ಕೇಳಿಬಿಡು" ಅಂದಳು.
ಕೇಳಲಿಲ್ಲ.
ಆಕೆ ಪೊಲೀಸಪ್ಪನ ತೊಟ್ಟು ಹಿಡಿದು
ಕಚ್ಚಿ, ಅಗಿದು, ಕಣ್ಣಲ್ಲಿ ನೀರು ತಂದುಕೊಂಡು
ಮೆಟ್ಟಿಲಿಳಿದು ಹೋದಳು.

ರಾತ್ರಿ ಹನ್ನೆರಡಕ್ಕೆ ಗಡುವು.
ಗೂಡ್ಸ್ ಗಾಡಿಯೊಂದು ಮುಗಿಯದೆ ಹೋಗುತ್ತಿತ್ತು,
ಬೋಗಿ ಎಣಿಸಲು ಹೋಗಿ ನಲವತ್ತಕ್ಕೆ ತಪ್ಪಿದೆ.
ಹನ್ನೊಂದೂ ಐವತ್ತಕ್ಕೆ
ಬಿ ಹದಿನೇಳರಲ್ಲಿ ಎಂಟು ಬರೆದೆ.

ಎಂಟನ್ನು ಯಾರೂ ಹೇಳಿರಲಿಲ್ಲ.
ಮಾದರಿ ಮರುಮಾತಾಡದೆ ನುಂಗಿತು.
ಎಂಟಕ್ಕೆ ಮೂವರು ಉಳಿಯುತ್ತಾರೆ.
ಯಾವ ಮೂವರು ಅನ್ನುವುದಕ್ಕೆ ಮನೆ ಇಲ್ಲ;
ಅದನ್ನು ಬೆಳಿಗ್ಗೆ ಆಕೆಯೇ ಬಂದು ಕೇಳುತ್ತಾಳೆ.

ಮೇಜಿನ ಮೇಲೆ ಪ್ರಿಂಟೌಟು ಹಾಗೇ ಇದೆ.
ಮೆಣಸಿನಕಾಯಿಯ ಎಣ್ಣೆ ಇಳಿದಲ್ಲಿ
ಕಾಗದ ಪಾರದರ್ಶಕವಾಗಿ
ಅಡಿಯ ಹಾಳೆಯ ಯಾವುದೋ ಅಂಕಿ
ಮೇಲಿನದರ ಜತೆ ಕಲೆಸಿ ಕಾಣುತ್ತಿದೆ,
ಮೂರೋ, ಎಂಟೋ.